ಕಬ್ಬಿಣದ ಬೆಟ್ಟಗಳನ್ನು ಕಟ್ಟಿದ್ದು ಆಮ್ಲಜನಕ ಒಂದೇನಾ? ಹಳೆಯ ಸಮುದ್ರದ ಸೂಕ್ಷ್ಮಜೀವಿಗಳ ಬಗ್ಗೆ ಒಂದು ಚರ್ಚೆ

ಪದರಗಲ್ಲು

ಬಾಬಾಬುಡನ್‌ಗಿರಿ, ಕುದುರೆಮುಖ, ಸಂಡೂರು. ಈ ಬೆಟ್ಟಗಳ ಕಬ್ಬಿಣದ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಅದು ಹೇಗೆ ಕೂತಿತು ಎಂದು ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ ಸಿಗುತ್ತದೆ. ಸೈನೋಬ್ಯಾಕ್ಟೀರಿಯಾಗಳು (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು) ಆಮ್ಲಜನಕ ಬಿಟ್ಟವು, ನೀರಿನಲ್ಲಿದ್ದ ಕಬ್ಬಿಣ ತುಕ್ಕಾಯಿತು, ತುಕ್ಕು ತಳಕ್ಕೆ ಇಳಿಯಿತು. ಅಷ್ಟೇ.

ಈ ಉತ್ತರ ಅರ್ಧ ಮಾತ್ರ ಎಂಬುದು ನನ್ನ ವಾದ. ಕಲ್ಲುಗಳ ವಯಸ್ಸು ನೋಡಿ. ಮುಳ್ಳಯ್ಯನಗಿರಿಯ ಹೆಸರಿನಲ್ಲೇ ಒಂದು ಕಬ್ಬಿಣದ ಪದರ ಇದೆ. ಅದರ ತಳದ ಜಿರ್ಕಾನ್ ಹರಳುಗಳನ್ನು ಅಳೆದು ಟ್ರೆಂಡಾಲ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ವಯಸ್ಸು 272 ಕೋಟಿ ವರ್ಷ. ಗಾಳಿಯಲ್ಲಿ ಆಮ್ಲಜನಕ ಸೇರಿ ಉಳಿದದ್ದು ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ. ಅಂದರೆ ಗಾಳಿಗೆ ಆಮ್ಲಜನಕ ಬರುವುದಕ್ಕೆ 30 ಕೋಟಿ ವರ್ಷಕ್ಕೂ ಮೊದಲೇ ನಮ್ಮ ಕಬ್ಬಿಣ ಕೂತಾಗಿತ್ತು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ ಇಂಥದ್ದೇ ಕಲ್ಲು 370 ಕೋಟಿ ವರ್ಷ ಹಳೆಯದು. ಅಷ್ಟು ಹಿಂದೆ ಆಮ್ಲಜನಕ ತಯಾರಿಸುವ ಜೀವಿ ಇತ್ತು ಎನ್ನಲು ಗಟ್ಟಿ ಆಧಾರ ಎಲ್ಲಿದೆ?

ಆಮ್ಲಜನಕವೇ ಇಲ್ಲದೆ ಕಬ್ಬಿಣವನ್ನು ತುಕ್ಕು ಮಾಡುವ ಜೀವಿಗಳಿವೆ. 1993ರಲ್ಲಿ ಜರ್ಮನಿಯ ಫ್ರೆಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು ಇಂಥ ಬ್ಯಾಕ್ಟೀರಿಯಾಗಳನ್ನು ತೋರಿಸಿದರು. ಅವು ಬಿಸಿಲು ಹಿಡಿಯುತ್ತವೆ, ಇಂಗಾಲದ ಡೈಆಕ್ಸೈಡ್‌ನಿಂದ ಆಹಾರ ಮಾಡಿಕೊಳ್ಳುತ್ತವೆ. ಆದರೆ ಗಿಡಗಳ ಹಾಗೆ ನೀರನ್ನು ಒಡೆಯುವುದಿಲ್ಲ. ಕರಗಿದ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಹೊರಗೆ ಉಳಿಯುವುದು ತುಕ್ಕು. ಆಮ್ಲಜನಕದ ಒಂದು ಗುಳ್ಳೆಯೂ ಬರುವುದಿಲ್ಲ.

ಹಾಗಾದರೆ ನಮ್ಮ ಬೆಟ್ಟಗಳ ಕೆಲಸದಲ್ಲಿ ಇವುಗಳ ಪಾಲು ಎಷ್ಟು? ತಿಳಿದವರು ಬರೆಯಿರಿ, ತಕರಾರು ಇದ್ದವರೂ ಬರೆಯಿರಿ.

ಹೊಸಪೇಟೆ ಹುಡುಗ

ಸರ್, ಮೊದಲು ಒಂದು ಸಣ್ಣ ಪ್ರಶ್ನೆ. ಸಮುದ್ರದಲ್ಲಿ ಅಷ್ಟು ಕಬ್ಬಿಣ ಕರಗಿದ್ದು ಹೇಗೆ? ಎಲ್ಲಿಂದ ಬಂತು? ಈಗ ಯಾಕಿಲ್ಲ?

ರಸಾಯನ ಟೀಚರ್

ಇದಕ್ಕೆ ನಾನು ಉತ್ತರಿಸುತ್ತೇನೆ. ಕಬ್ಬಿಣ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ನೀವು ನೋಡಿರುತ್ತೀರಿ. ಮೇಲಕ್ಕೆ ಬಂದಾಗ ತಿಳಿಯಾಗಿರುತ್ತದೆ. ಬಕೆಟ್‌ನಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಕೆಂಪಾಗಿ, ತಳದಲ್ಲಿ ಗಸಿ ನಿಲ್ಲುತ್ತದೆ. ನೆಲದೊಳಗೆ ಆಮ್ಲಜನಕ ಇಲ್ಲದ ಕಡೆ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡ ರೂಪದಲ್ಲಿರುತ್ತದೆ. ಅದು ನೀರಿನಲ್ಲಿ ಆರಾಮಾಗಿ ಕರಗುತ್ತದೆ. ಗಾಳಿ ತಾಕಿದ ಕೂಡಲೇ ಮೂರನೆಯದೂ ಹೋಗುತ್ತದೆ. ಆ ರೂಪ ಕರಗುವುದಿಲ್ಲ, ತುಕ್ಕಾಗಿ ಕೂರುತ್ತದೆ. ಹಳೆಯ ಸಮುದ್ರ ಪೂರ್ತಿ ಆ ಬೋರ್‌ವೆಲ್ ನೀರಿನ ಹಾಗಿತ್ತು.

ಅಂದಾಜುಗಳ ಪ್ರಕಾರ ಆಗ ಲೀಟರಿಗೆ ಕೆಲವು ಮಿಲಿಗ್ರಾಂ ಕಬ್ಬಿಣ ಕರಗಿತ್ತು. ಇಂದು ತೆರೆದ ಸಮುದ್ರದ ಮೇಲ್ಭಾಗದಲ್ಲಿ ಅದು ನ್ಯಾನೊಗ್ರಾಂ ಲೆಕ್ಕಕ್ಕೆ ಇಳಿದಿದೆ. ಲಕ್ಷ ಪಟ್ಟಿನ ವ್ಯತ್ಯಾಸ! ಮೂಲ ಬಹುಮಟ್ಟಿಗೆ ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು. ಆಗ ಭೂಮಿಯ ಒಳಗೆ ಬಿಸಿ ಜಾಸ್ತಿ. ಲಾವಾ ಸಮುದ್ರದೊಳಗೇ ಉಕ್ಕುತ್ತಿತ್ತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಕಲ್ಲು ಇದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ.

ಇನ್ನೊಂದು ವಿಷಯ ಸೇರಿಸುತ್ತೇನೆ. ಆಗಿನ ಸಮುದ್ರದಲ್ಲಿ ಕಬ್ಬಿಣ ಜಾಸ್ತಿ ಇದ್ದಷ್ಟೇ ಮುಖ್ಯ, ಸಲ್ಫೇಟ್ (ಗಂಧಕ ಮತ್ತು ಆಮ್ಲಜನಕ ಸೇರಿದ ಲವಣ) ಬಹಳ ಕಡಿಮೆ ಇತ್ತು. ಇಂದು ಲೀಟರಿಗೆ 28 ಮಿಲಿಮೋಲ್ (ಅಣುಗಳ ಲೆಕ್ಕದ ಅಳತೆ). 2002ರಲ್ಲಿ ಹಬಿಖ್ಟ್, ಕ್ಯಾನ್‌ಫೀಲ್ಡ್ ಮತ್ತಿತರರು ಗಂಧಕದ ಐಸೋಟೋಪ್‌ಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಲೆಕ್ಕ ಹಾಕಿ, ಆಗ 0.2 ಮಿಲಿಮೋಲ್‌ಗಿಂತ ಕಡಿಮೆ ಇತ್ತು ಎಂದರು. ನಂತರದ ಕೆಲಸ ಅದನ್ನೂ ಇನ್ನಷ್ಟು ಕೆಳಗಿಳಿಸಿತು. ಸಲ್ಫೇಟ್ ಇಲ್ಲದಿದ್ದರಿಂದಲೇ ಕಬ್ಬಿಣ ನೀರಿನಲ್ಲಿ ಉಳಿಯಲು ಸಾಧ್ಯವಾಯಿತು. ಯಾಕೆ ಎಂಬುದು ಮುಂದೆ ಬರುತ್ತದೆ ಅಂದುಕೊಂಡಿದ್ದೇನೆ.

ಗಣಿ ದಾರಿ

ನಾನು ಸಂಡೂರು ಕಡೆಯವನು, ಭೂವಿಜ್ಞಾನ ಓದಿದವನು. ಪದರಗಲ್ಲು ಅವರ ವಾದಕ್ಕೆ ನನ್ನದೊಂದು ತಕರಾರು ಇದೆ. ಅದಕ್ಕೆ ಮೊದಲು ಒಂದು ಸ್ಪಷ್ಟನೆ. ಲಾರಿಗಳಲ್ಲಿ ಹೋಗುವ ಕೆಂಪು ಅದಿರು ಬೇರೆ, ಸಮುದ್ರದಲ್ಲಿ ಕೂತ ಪಟ್ಟೆ ಕಲ್ಲು ಬೇರೆ. ಪಟ್ಟೆ ಕಲ್ಲಿನಲ್ಲಿ ಸುಮಾರು ಅರ್ಧ ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು. ಎಷ್ಟೋ ಕಾಲದ ನಂತರ ನೀರು ಹರಿದು ಸಿಲಿಕಾ ತೊಳೆದುಹೋದ ಕಡೆ ಮಾತ್ರ ಒಳ್ಳೆ ಹೆಮಟೈಟ್ ಅದಿರು ಉಳಿದಿದೆ. ದೋಣಿಮಲೈ ಅಂಥದ್ದು. ಕುದುರೆಮುಖದಲ್ಲಿ ಅಷ್ಟು ತೊಳೆದುಹೋಗಲಿಲ್ಲ. ಅಲ್ಲಿನದು ಬಡ ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ. ಹಾಗಾಗಿ ಅದಿರನ್ನು ನೋಡಿ ಸೂಕ್ಷ್ಮಜೀವಿಯ ಕಥೆ ಹೇಳಲು ಆಗುವುದಿಲ್ಲ. ಪಟ್ಟೆ ಕಲ್ಲನ್ನೇ ನೋಡಬೇಕು.

ಈಗ ತಕರಾರು. ಸಂಡೂರಿನಲ್ಲಿ ಕಬ್ಬಿಣ ಮಾತ್ರ ಅಲ್ಲ, ಮ್ಯಾಂಗನೀಸ್ ಕೂಡ ಇದೆ. ಕುಂಸಿಯಲ್ಲಿದೆ, ಚಿಕ್ಕನಾಯಕನಹಳ್ಳಿ ಕಡೆ ಇದೆ. ಮ್ಯಾಂಗನೀಸ್‌ನಿಂದ ಎಲೆಕ್ಟ್ರಾನ್ ಕೀಳುವುದು ಕಬ್ಬಿಣದಷ್ಟು ಸುಲಭ ಅಲ್ಲ. ಕಬ್ಬಿಣಕ್ಕೆ ಸಾಕಾಗುವ ಬ್ಯಾಕ್ಟೀರಿಯಾ ಇಲ್ಲಿ ಸಾಲದು. ಸಾಮಾನ್ಯವಾಗಿ ಆಮ್ಲಜನಕವೇ ಬೇಕು. ಮೊದಲು ಕಬ್ಬಿಣ ಕೂರುತ್ತದೆ. ಅದು ಮುಗಿದ ಮೇಲೂ ಆಮ್ಲಜನಕ ಉಳಿದಿದ್ದರೆ ಮ್ಯಾಂಗನೀಸ್ ಕೂರುತ್ತದೆ. ಸಂಡೂರಿನ ಮ್ಯಾಂಗನೀಸ್ ಪದರಗಳ ಜೊತೆ ಸ್ಟ್ರೊಮ್ಯಾಟೊಲೈಟ್ (ಸೂಕ್ಷ್ಮಜೀವಿಗಳ ಚಾಪೆಗಳು ಪದರ ಪದರವಾಗಿ ಕಟ್ಟಿದ ಕಲ್ಲು) ಇರುವ ಸುಣ್ಣಕಲ್ಲೂ ಇದೆ. ಆಳ ಕಡಿಮೆ ಇದ್ದ ನೀರು, ಬಿಸಿಲು, ಸೂಕ್ಷ್ಮಜೀವಿಗಳ ಚಾಪೆ. ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದರೂ ದಡದ ಹತ್ತಿರದ ನೀರಿನಲ್ಲಿ ಇತ್ತು ಎನ್ನಲು ಇದಕ್ಕಿಂತ ಏನು ಬೇಕು?

ದೋಣಿಮಲೈ ಪದರದ ಚೆರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳನ್ನು 1987ರಲ್ಲಿ ನಕ್ವಿ ಮತ್ತು ಜೊತೆಗಾರರು, 1990ರಲ್ಲಿ ವೆಂಕಟಾಚಲ ಮತ್ತು ಜೊತೆಗಾರರು ವರದಿ ಮಾಡಿದ್ದಾರೆ. ಅವುಗಳ ಆಕಾರ ಸೈನೋಬ್ಯಾಕ್ಟೀರಿಯಾಗಳನ್ನು ಹೋಲುತ್ತದೆ.

ಪದರಗಲ್ಲು

ಮ್ಯಾಂಗನೀಸ್ ವಾದ ಗಟ್ಟಿಯಾಗಿದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಎರಡು ಮಾತು.

ಆಕಾರ ಒಂದನ್ನೇ ನೋಡಿ ಸೈನೋಬ್ಯಾಕ್ಟೀರಿಯಾ ಎನ್ನುವುದು ಕಷ್ಟ. ದಾರದಂಥ ದೇಹ ಇರುವ ಬ್ಯಾಕ್ಟೀರಿಯಾಗಳು ಎಷ್ಟೋ ಬಗೆ. ಆಮ್ಲಜನಕ ಬಿಡದ ಜೀವಿಗಳೂ ಚಾಪೆ ಕಟ್ಟುತ್ತವೆ, ಸ್ಟ್ರೊಮ್ಯಾಟೊಲೈಟ್ ಮಾಡುತ್ತವೆ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 348 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್ ಇವೆ. ಅವನ್ನು ಕಟ್ಟಿದವರು ಆಮ್ಲಜನಕ ಬಿಡುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ.

ಮ್ಯಾಂಗನೀಸ್‌ಗೂ ಬೇರೆ ದಾರಿ ಇರಬಹುದು. ದಕ್ಷಿಣ ಆಫ್ರಿಕಾದ ಕೋಗಾಸ್ ಪದರಗಳಲ್ಲಿ ಆಮ್ಲಜನಕ ಬರುವ ಸ್ವಲ್ಪ ಮೊದಲು ಮ್ಯಾಂಗನೀಸ್ ಕೂತಿದೆ. ಆದರೆ ಅದೇ ಪದರಗಳಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವ ಗುರುತುಗಳೂ ಇವೆ. 2013ರಲ್ಲಿ ಜಾನ್ಸನ್, ಫಿಷರ್ ಮತ್ತಿತರರು ಇದನ್ನು ನೋಡಿ ಒಂದು ದೊಡ್ಡ ಮಾತು ಹೇಳಿದರು. ನೀರನ್ನು ಒಡೆಯಲು ಕಲಿಯುವ ಮೊದಲು ಸೈನೋಬ್ಯಾಕ್ಟೀರಿಯಾಗಳ ಪೂರ್ವಜರು ಮ್ಯಾಂಗನೀಸ್‌ನಿಂದ ಎಲೆಕ್ಟ್ರಾನ್ ಕೀಳುತ್ತಿದ್ದಿರಬೇಕು. ಇಂದಿಗೂ ಎಲ್ಲ ಗಿಡಗಳ ಎಲೆಯೊಳಗೆ ನೀರನ್ನು ಒಡೆಯುವ ಜಾಗದಲ್ಲಿ ಕೂತಿರುವುದು ಮ್ಯಾಂಗನೀಸ್‌ನ ನಾಲ್ಕು ಪರಮಾಣು, ಒಂದು ಕ್ಯಾಲ್ಸಿಯಂ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು.

ನನ್ನ ನಿಲುವು ಇಷ್ಟು. ದಡದ ಹತ್ತಿರ ಆಮ್ಲಜನಕದ ಸಣ್ಣ ಸಣ್ಣ ತಾಣಗಳು ಇದ್ದಿರಬಹುದು. ಆದರೆ ಸಾವಿರಾರು ಚದರ ಕಿಲೋಮೀಟರ್ ಹರಡಿದ ಕಬ್ಬಿಣದ ಪದರ ಪೂರ್ತಿ ಅವುಗಳ ಕೆಲಸ ಎಂದು ಒಪ್ಪುವುದು ಕಷ್ಟ. 2005ರಲ್ಲಿ ಕ್ಯಾಪ್ಲರ್, ಕೊನ್‌ಹೌಸರ್ ಮತ್ತಿತರರು ಪ್ರಯೋಗಾಲಯದಲ್ಲಿ ಈ ಕಬ್ಬಿಣದ ಬ್ಯಾಕ್ಟೀರಿಯಾಗಳ ವೇಗ ಅಳೆದು ಲೆಕ್ಕ ಮಾಡಿದರು. ಅಲೆಗಳಿಂದ ಕಲಕುವ ಮೇಲ್ಪದರದ ಕೆಳಗೆ, ಮಂದ ಬೆಳಕಿನಲ್ಲೇ, ಕೆಳಗಿನಿಂದ ಮೇಲೇರುವ ಕಬ್ಬಿಣವನ್ನೆಲ್ಲ ಇವೊಂದೇ ಹಿಡಿದು ಕೂರಿಸಬಲ್ಲವು ಎಂದು ಲೆಕ್ಕ ಬಂತು.

ಗಣಿ ದಾರಿ

ಬಲ್ಲವು ಎನ್ನುವುದು ಬೇರೆ, ಮಾಡಿದವು ಎನ್ನುವುದು ಬೇರೆ. ಅಲ್ವಾ? ಬಿಸಿಲಿನ ಅತಿನೇರಳೆ ಕಿರಣವೂ ಕಬ್ಬಿಣವನ್ನು ತುಕ್ಕು ಮಾಡಬಲ್ಲದು ಎಂದು 1978ರಲ್ಲೇ ಕೇರ್ನ್ಸ್-ಸ್ಮಿತ್ ಹೇಳಿದ್ದರು. ಅದಕ್ಕೆ ಜೀವಿಯೇ ಬೇಡ.

ರಸಾಯನ ಟೀಚರ್

ಅತಿನೇರಳೆಯ ವಾದಕ್ಕೆ 2007ರಲ್ಲಿ ಉತ್ತರ ಬಂತು. ಕೊನ್‌ಹೌಸರ್ ತಂಡ ಹಳೆಯ ಸಮುದ್ರದ ಹಾಗೆ ಸಿಲಿಕಾ, ಕಾರ್ಬೋನೇಟ್ ಎಲ್ಲ ಬೆರೆಸಿದ ನೀರಿನಲ್ಲಿ ಪ್ರಯೋಗ ಮಾಡಿದಾಗ ಆ ಕೆಲಸ ತುಂಬ ನಿಧಾನ ಎಂದು ಕಂಡಿತು. ಕಬ್ಬಿಣ ಬೇರೆಯದರ ಜೊತೆ ಸೇರಿ ಮೊದಲೇ ಕೂರುತ್ತಿತ್ತು. ಅಲ್ಲಿಗೆ ಜೀವಿ ಬೇಡ ಎನ್ನುವ ವಾದ ಬಹಳ ಬಡವಾಯಿತು. ಉಳಿದದ್ದು ಯಾವ ಜೀವಿ ಎಂಬ ಪ್ರಶ್ನೆ. ಅದರ ಮೇಲೆ ನೀವಿಬ್ಬರೂ ಜಗಳ ಆಡಬಹುದು, ನನಗೆ ಸಂತೋಷ.

ಸೂಕ್ಷ್ಮದರ್ಶಕ

ನಾನು ಮೈಕ್ರೊಬಯಾಲಜಿ ಕಡೆಯವಳು. ನೀವೆಲ್ಲ ಕಬ್ಬಿಣ ಹೇಗೆ ಕೂತಿತು ಎಂದಷ್ಟೇ ಮಾತಾಡುತ್ತಿದ್ದೀರಿ. ಕೂತ ಮೇಲೆ ಏನಾಯಿತು ಎಂಬುದನ್ನು ಬಿಟ್ಟಿದ್ದೀರಿ. ಅಲ್ಲಿಯೇ ದೊಡ್ಡ ಕಥೆ ಇದೆ.

ತುಕ್ಕಿನ ಜೊತೆ ಸತ್ತ ಬ್ಯಾಕ್ಟೀರಿಯಾಗಳೂ ತಳಕ್ಕೆ ಹೋಗುತ್ತವೆ. ತಳದಲ್ಲಿ ಇನ್ನೊಂದು ಗುಂಪು ಕಾದಿರುತ್ತದೆ. ನಾವು ಉಸಿರಾಡಲು ಆಮ್ಲಜನಕ ಬಳಸುವ ಹಾಗೆ ಅವು ತುಕ್ಕನ್ನು ಬಳಸುತ್ತವೆ. ಸತ್ತ ಜೀವಿಯನ್ನು ತಿಂದು, ಎಲೆಕ್ಟ್ರಾನ್‌ಗಳನ್ನು ತುಕ್ಕಿಗೆ ಕೊಡುತ್ತವೆ. ತುಕ್ಕು ಮತ್ತೆ ಕರಗುವ ಕಬ್ಬಿಣವಾಗುತ್ತದೆ, ಇಲ್ಲವೇ ಅರ್ಧ ದಾರಿಯಲ್ಲಿ ನಿಂತು ಮ್ಯಾಗ್ನಟೈಟ್ ಆಗುತ್ತದೆ. 1987ರಲ್ಲಿ ಡೆರೆಕ್ ಲವ್ಲಿ ಒಂದು ಬ್ಯಾಕ್ಟೀರಿಯಾ ಹೀಗೆ ಮ್ಯಾಗ್ನಟೈಟ್ ತಯಾರಿಸುವುದನ್ನು ತೋರಿಸಿದರು. ಕುದುರೆಮುಖದ ಮ್ಯಾಗ್ನಟೈಟ್ ಬಗ್ಗೆ ಯೋಚಿಸುವಾಗ ನನಗೆ ಇದೇ ನೆನಪಾಗುತ್ತದೆ. ಎಲ್ಲವೂ ಬ್ಯಾಕ್ಟೀರಿಯಾದ ಕೆಲಸ ಎನ್ನುತ್ತಿಲ್ಲ. ಆ ಕಲ್ಲುಗಳು ಆಮೇಲೆ ಚೆನ್ನಾಗಿ ಬೆಂದಿವೆ, ಬಿಸಿಯಲ್ಲೂ ಮ್ಯಾಗ್ನಟೈಟ್ ಆಗುತ್ತದೆ. ಆದರೆ ಮೇಲೆ ಒಂದು ಗುಂಪು ತುಕ್ಕು ಮಾಡುತ್ತಾ, ಕೆಳಗೆ ಇನ್ನೊಂದು ಗುಂಪು ಅದನ್ನು ಕರಗಿಸುತ್ತಾ, ಕಬ್ಬಿಣ ಒಂದು ಚಕ್ರದಲ್ಲಿ ತಿರುಗುತ್ತಿತ್ತು. ಬೆಟ್ಟದಲ್ಲಿ ಉಳಿದದ್ದು ಆ ಚಕ್ರದಿಂದ ತಪ್ಪಿಸಿಕೊಂಡ ಪಾಲು ಮಾತ್ರ.

ಮೂರನೆಯ ಗುಂಪು ಮೀಥೇನ್ ತಯಾರಿಸುವ ಆರ್ಕಿಯಾಗಳು, ಬ್ಯಾಕ್ಟೀರಿಯಾಗಳಿಗಿಂತ ಬೇರೆಯಾದ ಒಂದು ಬಗೆಯ ಸೂಕ್ಷ್ಮಜೀವಿಗಳು. ಅವುಗಳ ಮುಖ್ಯ ಕಿಣ್ವ ಕೆಲಸ ಮಾಡಲು ನಿಕಲ್ ಬೇಕು. 2009ರಲ್ಲಿ ಕೊನ್‌ಹೌಸರ್ ಮತ್ತು ಜೊತೆಗಾರರು ಬೇರೆ ಬೇರೆ ವಯಸ್ಸಿನ ಪಟ್ಟೆ ಕಲ್ಲುಗಳಲ್ಲಿ ನಿಕಲ್ ಅಳೆದರು. ಸುಮಾರು 270 ಕೋಟಿ ವರ್ಷಗಳ ಹಿಂದಿನಿಂದ ಸಮುದ್ರದ ನಿಕಲ್ ಇಳಿಯುತ್ತಾ ಬಂದು, 250 ಕೋಟಿ ವರ್ಷಗಳ ಹೊತ್ತಿಗೆ ಅರ್ಧದಷ್ಟಾಯಿತು. ಭೂಮಿಯ ಒಡಲು ತಣ್ಣಗಾಗಿ, ನಿಕಲ್ ತುಂಬಿದ ಕೊಮಾಟೈಟ್ ಲಾವಾ ಬರುವುದು ಕಡಿಮೆಯಾದದ್ದೇ ಕಾರಣ. ಆ ಬಗೆಯ ಲಾವಾ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿದೆ. ನಿಕಲ್ ಕಡಿಮೆಯಾದಂತೆ ಮೀಥೇನ್ ಕಡಿಮೆ. ಮೀಥೇನ್ ಆಮ್ಲಜನಕವನ್ನು ನುಂಗುವ ಅನಿಲ. ಅದು ಕಡಿಮೆಯಾದ್ದರಿಂದಲೇ ಆಮ್ಲಜನಕಕ್ಕೆ ಗಾಳಿಯಲ್ಲಿ ಜಾಗ ಸಿಕ್ಕಿತು ಎಂಬುದು ಅವರ ವಾದ.

ಹೊಸಪೇಟೆ ಹುಡುಗ

ಎಲ್ಲರೂ "ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ" ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಆಗಿನ ಗಾಳಿಯನ್ನು ಹಿಡಿದು ಇಟ್ಟವರು ಯಾರೂ ಇಲ್ಲವಲ್ಲ.

ರಸಾಯನ ಟೀಚರ್

ಗಾಳಿ ಇಲ್ಲ, ಗಂಧಕ ಇದೆ. 2000ದಲ್ಲಿ ಫಾರ್ಕರ್, ಬಾವ್, ಥೀಮನ್ಸ್ ಮೂವರು ಹಳೆಯ ಕಲ್ಲುಗಳ ಗಂಧಕದಲ್ಲಿ ಒಂದು ವಿಚಿತ್ರ ಕಂಡರು. ಗಂಧಕಕ್ಕೆ 32, 33, 34, 36 ತೂಕದ ನಾಲ್ಕು ಐಸೋಟೋಪ್‌ಗಳಿವೆ. ಸಾಮಾನ್ಯವಾದ ಯಾವ ಕ್ರಿಯೆಯೇ ಆಗಲಿ, ಜೀವಿಯದಾಗಲಿ, ಬಿಸಿಯದಾಗಲಿ, ಅವನ್ನು ತೂಕದ ಲೆಕ್ಕಕ್ಕೆ ತಕ್ಕಂತೆ ಬೇರೆ ಮಾಡುತ್ತದೆ. ಆದರೆ ಹಳೆಯ ಕಲ್ಲುಗಳಲ್ಲಿ ಈ ಲೆಕ್ಕ ತಪ್ಪಿದೆ. ಜ್ವಾಲಾಮುಖಿಯ ಗಂಧಕದ ಅನಿಲವನ್ನು ಗಾಳಿಯಲ್ಲಿ ಅತಿನೇರಳೆ ಕಿರಣ ಒಡೆದರೆ ಹಾಗಾಗುತ್ತದೆ. ಓಝೋನ್ ಪದರ ಇದ್ದರೆ ಆ ಕಿರಣ ಕೆಳಗೆ ಬರುವುದಿಲ್ಲ. ಆಮ್ಲಜನಕ ಇದ್ದರೆ ಗಂಧಕವೆಲ್ಲ ಒಂದೇ ರೂಪಕ್ಕೆ ತಿರುಗಿ, ಆ ಗುರುತು ಅಳಿಸಿಹೋಗುತ್ತದೆ. ಪಾವ್ಲೋವ್ ಮತ್ತು ಕ್ಯಾಸ್ಟಿಂಗ್ 2002ರಲ್ಲಿ ಲೆಕ್ಕ ಮಾಡಿದರು. ಆ ಗುರುತು ಉಳಿಯಬೇಕಾದರೆ ಆಮ್ಲಜನಕ ಇಂದಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಇರಬೇಕು. ಸುಮಾರು 240ರಿಂದ 230 ಕೋಟಿ ವರ್ಷಗಳ ನಡುವೆ ಈ ಗುರುತು ಕಾಣೆಯಾಗುತ್ತದೆ. ಆಮೇಲೆ ಅದು ಹಿಂದಿನ ಹಾಗೆ ತಿರುಗಿ ಬಂದಿಲ್ಲ.

ನನ್ನ ಪ್ರಕಾರ ಭೂಮಿಯ ಇತಿಹಾಸದಲ್ಲೇ ಅತ್ಯಂತ ಸುಂದರವಾದ ಸಾಕ್ಷಿ ಇದು.

ಗಣಿ ದಾರಿ

ಕಣ್ಣಿಗೇ ಕಾಣುವ ಸಾಕ್ಷಿಯೂ ಇದೆ. ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಮತ್ತು ಯುರೇನಿಯಂ ಖನಿಜ ಯುರೇನಿನೈಟ್, ಎರಡೂ ಆಮ್ಲಜನಕ ಇರುವ ಹೊಳೆಯಲ್ಲಿ ಉರುಳಿದರೆ ಬೇಗ ಹಾಳಾಗುತ್ತವೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್‌ನ ಹಳೆಯ ಹೊಳೆ ಜಲ್ಲಿಯಲ್ಲಿ ಎರಡೂ ದುಂಡಗಾಗಿ ಉಳಿದಿವೆ. ನಮ್ಮ ಬಾಬಾಬುಡನ್ ಕಲ್ಲುಪದರಗಳ ಗುಂಪಿನ ತಳದಲ್ಲೂ ಬೆಣಚುಕಲ್ಲಿನ ಉಂಡೆಗಳ ಪದರ ಇದೆ. ಅದರಲ್ಲೂ ಪೈರೈಟ್, ಯುರೇನಿಯಂ ಇವೆ. ಒಂದೇ ಬೆಟ್ಟಸಾಲಿನ ತಳದಲ್ಲಿ ಆಮ್ಲಜನಕ ಇಲ್ಲದ ಹೊಳೆ, ಮೇಲೆ ತುಕ್ಕಿನ ಸಮುದ್ರ. ಪದರಗಲ್ಲು ಅವರ ವಾದಕ್ಕೆ ಇದು ಬಲ ಕೊಡುತ್ತದೆ, ಒಪ್ಪುತ್ತೇನೆ.

ಪರ್ತ್ ಕನ್ನಡತಿ

ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾರಿಜಿನಿ ರಾಷ್ಟ್ರೀಯ ಉದ್ಯಾನದ ಡೇಲ್ಸ್ ಗಾರ್ಜ್ ಕಮರಿಗೆ ಇಳಿದರೆ ಎರಡೂ ಬದಿಗೆ ಪಟ್ಟೆ ಕಲ್ಲಿನ ಗೋಡೆಗಳು. ಸುಮಾರು 248 ಕೋಟಿ ವರ್ಷದ್ದು. ಸಂಡೂರಿನ ಕಲ್ಲು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ನನ್ನ ಪ್ರಶ್ನೆ ಪಟ್ಟೆಯ ಬಗ್ಗೆ. ಕೆಂಪು, ಬೂದು, ಕೆಂಪು, ಬೂದು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಇಷ್ಟು ಕ್ರಮವಾಗಿ ಹೇಗೆ? ಸೂಕ್ಷ್ಮಜೀವಿಗಳೇ ಕಾರಣ ಅಂದರೆ ಅವು ಯಾಕೆ ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದವು?

ಸೂಕ್ಷ್ಮದರ್ಶಕ

ಒಳ್ಳೆಯ ಪ್ರಶ್ನೆ ಮೇಡಂ. ಮೊದಲು ಸಿಲಿಕಾ. ಇಂದು ಡಯಾಟಂ ಎಂಬ ಪಾಚಿಗಳು ಸಿಲಿಕಾದಿಂದ ಚಿಪ್ಪು ಮಾಡಿಕೊಂಡು ಸಮುದ್ರವನ್ನು ಬರಿದು ಮಾಡುತ್ತವೆ. ಆಗ ಅಂಥ ಜೀವಿ ಇರಲಿಲ್ಲ. ಸಿಲಿಕಾ ನೀರಿನಲ್ಲಿ ತುಂಬಿ ತುಳುಕುತ್ತಿತ್ತು, ತಾನಾಗಿಯೇ ಕೂರುತ್ತಿತ್ತು.

ಪಟ್ಟೆಗೆ 2008ರಲ್ಲಿ ಪೋಸ್ಟ್, ಹೆಗ್ಲರ್, ಕೊನ್‌ಹೌಸರ್, ಕ್ಯಾಪ್ಲರ್ ಒಂದು ಸರಳ ಕಾರಣ ಕೊಟ್ಟರು. ಕಬ್ಬಿಣದ ಬ್ಯಾಕ್ಟೀರಿಯಾಗಳು ಹಿತವಾದ ಬಿಸಿಯಲ್ಲಿ, ಸುಮಾರು 20ರಿಂದ 25 ಡಿಗ್ರಿಯಲ್ಲಿ, ಜೋರಾಗಿ ಕೆಲಸ ಮಾಡುತ್ತವೆ. ನೀರು ತಣ್ಣಗಾದರೆ ಅವು ನಿಧಾನ. ಆದರೆ ತಣ್ಣನೆಯ ನೀರಿನಲ್ಲಿ ಸಿಲಿಕಾ ಕರಗುವುದು ಕಡಿಮೆ, ಅದು ಕೂರಲು ಶುರು. ಹೀಗೆ ಬಿಸಿಯಾದಾಗ ಕಬ್ಬಿಣ, ತಣ್ಣಗಾದಾಗ ಸಿಲಿಕಾ. ಪ್ರಯೋಗಾಲಯದಲ್ಲಿ ಇದು ಆಗುತ್ತದೆ. ಎಲ್ಲ ಪಟ್ಟೆಗಳಿಗೂ ಇದೇ ಕಾರಣ ಎಂದು ನಾನು ನಂಬುವುದಿಲ್ಲ. ದಪ್ಪ ಪಟ್ಟೆಗಳ ಹಿಂದೆ ಬಿಸಿನೀರಿನ ಬುಗ್ಗೆಗಳ ಏರಿಳಿತವೂ ಇರಬೇಕು.

ಹೊಸಪೇಟೆ ಹುಡುಗ

ಟೀಚರ್ ಸಲ್ಫೇಟ್ ಬಗ್ಗೆ ಒಂದು ಮಾತು ಬಾಕಿ ಇಟ್ಟಿದ್ದರು.

ರಸಾಯನ ಟೀಚರ್

ಹೌದು, ಈಗ ಅದರ ಸರದಿ. ಗಾಳಿಗೆ ಆಮ್ಲಜನಕ ಬಂದ ಮೇಲೆ ನೆಲದ ಮೇಲಿನ ಪೈರೈಟ್ ಕೊಳೆಯಲು ಶುರುವಾಯಿತು. ಅದರ ಗಂಧಕ ಸಲ್ಫೇಟ್ ಆಗಿ ಹೊಳೆಗಳಲ್ಲಿ ಸಮುದ್ರ ಸೇರಿತು. ಸಮುದ್ರದಲ್ಲಿ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಮೊದಲಿನಿಂದಲೂ ಇದ್ದವು. ಪಿಲ್ಬರಾದ 347 ಕೋಟಿ ವರ್ಷದ ಕಲ್ಲಿನಲ್ಲೇ ಅವುಗಳ ಗುರುತು ಇದೆ ಎಂದು ಶೆನ್, ಬ್ಯೂಯಿಕ್, ಕ್ಯಾನ್‌ಫೀಲ್ಡ್ 2001ರಲ್ಲಿ ಬರೆದರು. ಅಲ್ಲಿಯವರೆಗೆ ಅವು ಅರೆಹೊಟ್ಟೆಯಲ್ಲಿದ್ದವು. ಈಗ ಊಟ ಜಾಸ್ತಿಯಾಯಿತು. ಅವು ಹೊರಗೆ ಬಿಡುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅದು ಕರಗಿದ ಕಬ್ಬಿಣವನ್ನು ಕಂಡರೆ ಬಿಡುವುದಿಲ್ಲ, ಪೈರೈಟ್ ಮಾಡಿ ಕೂರಿಸುತ್ತದೆ.

ಡೊನಾಲ್ಡ್ ಕ್ಯಾನ್‌ಫೀಲ್ಡ್ 1998ರಲ್ಲಿ ಹೇಳಿದ್ದು ಇದನ್ನೇ. ಸುಮಾರು 180 ಕೋಟಿ ವರ್ಷಗಳ ಹಿಂದೆ ಪಟ್ಟೆ ಕಬ್ಬಿಣದ ಕಲ್ಲು ಕೂರುವುದು ಬಹುಮಟ್ಟಿಗೆ ನಿಂತಿತು. ಅಲ್ಲಿಯವರೆಗೆ ಎಲ್ಲರೂ, ಆಳ ಸಮುದ್ರಕ್ಕೆ ಆಮ್ಲಜನಕ ತಲುಪಿ ಕಬ್ಬಿಣ ಮುಗಿಯಿತು ಎಂದುಕೊಂಡಿದ್ದರು. ಇಲ್ಲ, ಕಬ್ಬಿಣವನ್ನು ಮುಗಿಸಿದ್ದು ಸಲ್ಫೈಡ್ ಎಂದರು ಕ್ಯಾನ್‌ಫೀಲ್ಡ್. ಇಂದಿನ ಕಪ್ಪು ಸಮುದ್ರದ ಆಳದಲ್ಲಿ ಆ ಸ್ಥಿತಿ ಈಗಲೂ ಇದೆ. ಆಮೇಲೆ ಪೋಲ್ಟನ್ ಮತ್ತಿತರರು 2010ರಲ್ಲಿ ಚಿತ್ರವನ್ನು ತಿದ್ದಿದರು. ಸಲ್ಫೈಡ್ ಇದ್ದದ್ದು ಖಂಡಗಳ ಅಂಚಿನಲ್ಲಿ, ಆಳದಲ್ಲಿ ಇನ್ನೂ ಕಬ್ಬಿಣವೇ ಇತ್ತು. ನನಗೆ ಈ ತಿದ್ದಿದ ಚಿತ್ರವೇ ಸರಿ ಕಾಣುತ್ತದೆ.

ಸಲ್ಫೈಡ್ ಇನ್ನೊಂದು ಹಾನಿ ಮಾಡಿತು. ಮಾಲಿಬ್ಡಿನಂ ಕೂಡ ಅದರ ಜೊತೆ ಕೂತುಬಿಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು. ಅದು ಕಡಿಮೆಯಾದರೆ ಸಮುದ್ರಕ್ಕೆ ಗೊಬ್ಬರವೇ ಕಡಿಮೆ. ಪಾಚಿಗಳು ಅಷ್ಟು ಕಾಲ ಮುಂದೆ ಬರದೆ ಇದ್ದದ್ದಕ್ಕೆ ಇದು ಕಾರಣ ಇರಬಹುದು ಎಂದು 2002ರಲ್ಲಿ ಆನ್‌ಬಾರ್ ಮತ್ತು ನೋಲ್ ಬರೆದರು.

ಗಣಿ ದಾರಿ

ಆನ್‌ಬಾರ್ ಹೆಸರು ಬಂತಲ್ಲ, ನನ್ನ ಪಕ್ಷಕ್ಕೂ ಅವರೇ ಸಾಕ್ಷಿ. 2007ರಲ್ಲಿ ಅವರ ತಂಡ ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ಮೆಕ್ರೇ ಜೇಡಿಕಲ್ಲಿನಲ್ಲಿ, 250 ಕೋಟಿ ವರ್ಷದ್ದರಲ್ಲಿ, ಮಾಲಿಬ್ಡಿನಂ ಮತ್ತು ರೀನಿಯಂ ಒಮ್ಮೆ ಏರಿ ಇಳಿದದ್ದನ್ನು ತೋರಿಸಿತು. ನೆಲದ ಕಲ್ಲು ಆಮ್ಲಜನಕದಿಂದ ಕೊಳೆತರೆ ಮಾತ್ರ ಅವು ಸಮುದ್ರಕ್ಕೆ ಬರುತ್ತವೆ. ಅಂದರೆ ಗಾಳಿಗೆ ಆಮ್ಲಜನಕ ಬರುವ ಮೊದಲೇ ಒಂದು ಸಣ್ಣ ಅಲೆ ಬಂದು ಹೋಗಿದೆ. ಕೆನಡಾದ ಸ್ಟೀಪ್ ರಾಕ್‌ನ 280 ಕೋಟಿ ವರ್ಷದ ಸುಣ್ಣಕಲ್ಲಿನಲ್ಲೂ ಆಮ್ಲಜನಕದ ತಾಣದ ಗುರುತು ಇದೆ ಎಂದು ರೈಡಿಂಗ್ ಮತ್ತಿತರರು 2014ರಲ್ಲಿ ಬರೆದಿದ್ದಾರೆ. ಸಂಡೂರಿನ ಕಾಲಕ್ಕೆ ಅದು ಹತ್ತಿರ.

ಪದರಗಲ್ಲು

ಮೌಂಟ್ ಮೆಕ್ರೇ ಕಲ್ಲನ್ನು 2022ರಲ್ಲಿ ಸ್ಲಾಟ್ಸ್‌ನಿಕ್ ತಂಡ ಮತ್ತೆ ನೋಡಿತು. ಆ ಲೋಹಗಳು ಜ್ವಾಲಾಮುಖಿಯ ವಸ್ತುವಿನಿಂದ, ಆಮೇಲೆ ಹರಿದ ದ್ರವಗಳಿಂದ ಬಂದಿರಬಹುದು ಎಂದಿತು. ವಾದ ನಡೆಯುತ್ತಿದೆ. 1999ರಲ್ಲಿ ಪಿಲ್ಬರಾದ 270 ಕೋಟಿ ವರ್ಷದ ಕಲ್ಲಿನಲ್ಲಿ ಸೈನೋಬ್ಯಾಕ್ಟೀರಿಯಾದ ಎಣ್ಣೆಯ ಗುರುತು ಸಿಕ್ಕಿತು ಎಂದು ದೊಡ್ಡ ಸುದ್ದಿಯಾಗಿತ್ತು. ಅದು ಹೊರಗಿನಿಂದ ಸೇರಿದ ಕೊಳೆ ಎಂದು 2015ರ ಹೊತ್ತಿಗೆ ಖಚಿತವಾಯಿತು. ಇದನ್ನೆಲ್ಲ ನೋಡಿದ ಮೇಲೆ, ಹಳೆಯ ಕಲ್ಲಿನಲ್ಲಿ ಆಮ್ಲಜನಕ ಸಿಕ್ಕಿತು ಎಂದರೆ ನಾನು ಎರಡು ಸಲ ನೋಡುತ್ತೇನೆ. ಸ್ಟೀಪ್ ರಾಕ್ ಮತ್ತು ಸಂಡೂರು ಎರಡನ್ನೂ ತೆರೆದ ಪ್ರಶ್ನೆ ಎಂದೇ ಇಟ್ಟುಕೊಳ್ಳೋಣ. ಕಬ್ಬಿಣದ ಐಸೋಟೋಪ್ ಮತ್ತು ಮ್ಯಾಂಗನೀಸ್‌ನ ಪ್ರಮಾಣ, ಎರಡನ್ನೂ ಒಂದೇ ಪದರದಲ್ಲಿ, ತಳದಿಂದ ಮೇಲಿನವರೆಗೆ, ಒಟ್ಟಿಗೆ ಅಳೆದರೆ ಉತ್ತರ ಹತ್ತಿರ ಬರುತ್ತದೆ. ಪೂರ್ತಿ ಕಬ್ಬಿಣ ಕೂತ ನೀರಿನಲ್ಲಿ ಒಂದು ಗುರುತು, ಅರ್ಧ ಕೂತ ನೀರಿನಲ್ಲಿ ಇನ್ನೊಂದು ಗುರುತು ಉಳಿಯುತ್ತದೆ.

ಪರ್ತ್ ಕನ್ನಡತಿ

ಆ ಹಳೆಯ ಸಮುದ್ರದಂಥ ನೀರು ಈಗ ಎಲ್ಲಾದರೂ ಇದೆಯಾ? ಇಲ್ಲಿ ಶಾರ್ಕ್ ಬೇಯ ಹ್ಯಾಮೆಲಿನ್ ಪೂಲ್‌ನಲ್ಲಿ ಜೀವಂತ ಸ್ಟ್ರೊಮ್ಯಾಟೊಲೈಟ್ ಇವೆ. ಆದರೆ ಅಲ್ಲಿನ ನೀರಿನಲ್ಲಿ ಆಮ್ಲಜನಕ ಇದೆ, ಉಪ್ಪು ಸಾಮಾನ್ಯ ಸಮುದ್ರದ ಎರಡು ಪಟ್ಟು. ಆಕಾರ ಹಳೆಯದು, ರಸಾಯನ ಹೊಸದು ಅನಿಸುತ್ತದೆ.

ಸೂಕ್ಷ್ಮದರ್ಶಕ

ಇದೆ. ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಮಟಾನೊ ಸರೋವರ. ಆಳ ಸುಮಾರು 590 ಮೀಟರ್. ಮೇಲಿನ ನೂರು ಮೀಟರ್ ಚಿಲ್ಲರೆ ಬಿಟ್ಟರೆ ಕೆಳಗೆ ಆಮ್ಲಜನಕ ಇಲ್ಲ, ಸಲ್ಫೇಟ್ ಇಲ್ಲ, ಕರಗಿದ ಕಬ್ಬಿಣ ತುಂಬಿದೆ. ಎರಡು ಪದರ ಸೇರುವ ಕಡೆ, ಬೆಳಕು ಹೆಚ್ಚುಕಡಿಮೆ ಮುಗಿದ ಜಾಗದಲ್ಲಿ, ಹಸಿರು ಬ್ಯಾಕ್ಟೀರಿಯಾಗಳು ಬದುಕುತ್ತಿವೆ. ಕ್ರೋವ್ ಮತ್ತಿತರರು 2008ರಲ್ಲಿ ಇದನ್ನು ಹಳೆಯ ಸಮುದ್ರದ ಮಾದರಿ ಎಂದು ಕರೆದರು. ಕಾಂಗೋದ ಕಿವು ಸರೋವರದ ಕಬುನೊ ಕೊಲ್ಲಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಕಬ್ಬಿಣವನ್ನು ತುಕ್ಕು ಮಾಡುವ ಬ್ಯಾಕ್ಟೀರಿಯಾ ನಿಜವಾಗಿಯೂ ದೊಡ್ಡ ಪಾಲು ಆಹಾರ ತಯಾರಿಸುತ್ತಿದೆ ಎಂದು 2015ರಲ್ಲಿ ತೋರಿಸಿದರು.

ಇಂದಿನ ಸಮುದ್ರದ ಕಥೆ ಪೂರ್ತಿ ಉಲ್ಟಾ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ದಕ್ಷಿಣ ಸಾಗರದಲ್ಲಿ ಲೋಹಾಫೆಕ್ಸ್ ಪ್ರಯೋಗ ಮಾಡಿದವು. ಕಬ್ಬಿಣ ಹಾಕಿದರೆ ಪಾಚಿ ಬೆಳೆಯುತ್ತದಾ ಎಂದು ನೋಡಲು ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟ್ ಬೆರೆಸಿದರು. ಸಣ್ಣ ಪಾಚಿಗಳು ಬೆಳೆದವು. ಆದರೆ ಕೊಪೆಪಾಡ್ ಎಂಬ ಸಣ್ಣ ಸೀಗಡಿಯಂಥ ಜೀವಿಗಳು ಅವನ್ನು ತಿಂದು ಮುಗಿಸಿದವು. ಡಯಾಟಂಗಳು ಬೆಳೆಯಲೇ ಇಲ್ಲ, ಯಾಕೆಂದರೆ ಆ ನೀರಿನಲ್ಲಿ ಸಿಲಿಕಾ ಬಹಳ ಕಡಿಮೆ ಇತ್ತು. ಹಳೆಯ ಸಮುದ್ರದಲ್ಲಿ ತುಂಬಿದ್ದ ಎರಡು ವಸ್ತುಗಳೇ ಇವು. ಕಬ್ಬಿಣವನ್ನು ಖಾಲಿ ಮಾಡಿದ್ದು ಆಮ್ಲಜನಕ ಬಿಡುವ ಜೀವಿಗಳು, ಸಿಲಿಕಾವನ್ನು ಖಾಲಿ ಮಾಡಿದ್ದು ಡಯಾಟಂಗಳು.

ಹೊಸಪೇಟೆ ಹುಡುಗ

ಇದನ್ನೆಲ್ಲ ಓದಿ ಒಮ್ಮೆ ಕಣ್ಣಾರೆ ನೋಡಬೇಕು ಅನಿಸುತ್ತಿದೆ. ಗಣಿಗೆ ಒಳಗೆ ಬಿಡುವುದಿಲ್ಲ. ಬೇರೆ ಎಲ್ಲಿ ನೋಡಬಹುದು?

ಗಣಿ ದಾರಿ

ಮರಡಿಹಳ್ಳಿಯಿಂದ ಶುರು ಮಾಡಿ. ಚಿತ್ರದುರ್ಗ ಜಿಲ್ಲೆಯಲ್ಲೇ ಹಿರಿಯೂರು ಬಳಿ ಮಾರಿಕಣಿವೆ, ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗದ ಕುಂಸಿ, ಈ ಮೂರು ಕಡೆಯಿಂದ ಸ್ಟ್ರೊಮ್ಯಾಟೊಲೈಟ್ ವರದಿಯಾಗಿದೆ. ಊರಿನವರನ್ನು, ಜಮೀನಿನವರನ್ನು ಕೇಳಿ ಹೋಗಿ. ಸುತ್ತಿಗೆ ಒಯ್ಯಬೇಡಿ. ಒಂದು ತುಂಡು ಹೋದರೂ ಅದು ಮತ್ತೆ ಬರುವುದಿಲ್ಲ. ಫೋಟೋ ತೆಗೆಯುವಾಗ ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ ಇಡಿ.

ಪಟ್ಟೆ ಕಲ್ಲಿಗೆ ಮುಳ್ಳಯ್ಯನಗಿರಿ ಕಡೆ ಹೋಗಿ. ಮಳೆಗಾಲದಲ್ಲಿ ಮಂಜು ಮುಚ್ಚಿರುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಕಪ್ಪು ಪಟ್ಟೆಗೆ ಹಿಡಿದರೆ ಗಟ್ಟಿಯಾಗಿ ಎಳೆಯುತ್ತದೆ, ಅದು ಮ್ಯಾಗ್ನಟೈಟ್. ಎಳೆಯದಿದ್ದರೆ ಬಹುಶಃ ಹೆಮಟೈಟ್. ಎರಡೂ ಎಲ್ಲೆಲ್ಲಿ ಸಿಕ್ಕವು ಎಂದು ಬರೆದುಕೊಂಡು ಇಲ್ಲೇ ಹಾಕಿ.